ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಗ್ರೇಟ್ ಸರ್ಕಲ್ ಮ್ಯಾಪರ್ ಬಗ್ಗೆ ಎರಡು ಮಾತು

ನೋಡೋಕೆ ಓಬೀರಾಯನ ಕಾಲದ ವೆಬ್‌ಸೈಟ್, ಆದ್ರೆ ಎರಡು ಏರ್‌ಪೋರ್ಟ್ ಮಧ್ಯೆ ವಿಮಾನದ ದೂರ ಎಷ್ಟು ಅಂತ ನೋಡೋಕೆ ಇದಕ್ಕಿಂತ ಸಲೀಸಾದ್ದು ನಂಗಂತೂ ಸಿಕ್ಕಿಲ್ಲ. ಲಾಗಿನ್ ಬೇಡ, ದುಡ್ಡು ಬೇಡ, ಬೆಂಗಳೂರು ಏರ್‌ಪೋರ್ಟ್ ಕೋಡ್ ಬಿಎಲ್‌ಆರ್ ಅಂತ ಹಾಕಿ ಒಂದು ಅಡ್ಡಗೆರೆ ಎಳೆದು ಸ್ಯಾನ್ ಫ್ರಾನ್ಸಿಸ್ಕೋದ ಕೋಡ್ ಎಸ್‌ಎಫ್‌ಓ ಅಂತ ಹಾಕಿದ್ರೆ ಮುಗೀತು, ಮ್ಯಾಪ್ ಮೇಲೆ ಗೆರೆ, ಕೆಳಗಡೆ ದೂರ. ಮೈಲಿಯಲ್ಲಿ ತೋರ್ಸುತ್ತೆ, ಕಿಲೋಮೀಟರ್‌ಗೆ ಬದಲಾಯಿಸ್ಕೊಳ್ಬೇಕು. ಸುಮಾರು 14,000 ಕಿಮೀ ಬರುತ್ತೆ.

ಮಜಾ ಇರೋದು ಆ ಗೆರೆಯಲ್ಲೇ. ಸ್ಕೂಲ್ ಗೋಡೆ ಮೇಲಿನ ಮ್ಯಾಪ್ ನೋಡಿ ಬೆಳೆದೋರಿಗೆ ಅಮೆರಿಕಾ ಅಂದ್ರೆ ಎಡಗಡೆ, ಇದು ನೋಡಿದ್ರೆ ಹೆಚ್ಚುಕಮ್ಮಿ ಉತ್ತರಕ್ಕೇ ಹೊರಟು ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಮುದ್ರ ಮುಟ್ಟಿ ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತೆ. ಸುತ್ತು ದಾರಿ ಅನ್ಸುತ್ತೆ ಆದ್ರೆ ಅದೇ ಹತ್ರದ ದಾರಿ, ಡೌಟ್ ಇದ್ರೆ ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ.

ನಂಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಮಧ್ಯದಲ್ಲಿ ಇನ್ನೊಂದು ಊರಿನ ಕೋಡ್ ಸೇರಿಸಿ ನೋಡೋದು. ದುಬೈ ಮೇಲೆ ಹೋದ್ರೆ ಸುಮಾರು 15,700 ಕಿಮೀ, ಫ್ರಾಂಕ್‌ಫರ್ಟ್ ಆದ್ರೆ 16,500 ದಾಟುತ್ತೆ, ಸಿಂಗಾಪುರ ಇನ್ನೂ ಸ್ವಲ್ಪ ಜಾಸ್ತಿ. ಟಿಕೆಟ್ ಬುಕ್ ಮಾಡೋವಾಗ ಯಾವ ಸ್ಟಾಪ್ ಎಷ್ಟು ಸುತ್ತು ಅಂತ ಒಂದು ಅಂದಾಜು ಸಿಗುತ್ತೆ.

ಆದ್ರೆ ಈ ದೂರ ಹಿಡ್ಕೊಂಡು ಪ್ರಯಾಣದ ಗಂಟೆ ಲೆಕ್ಕ ಹಾಕೋಕೆ ಹೋಗ್ಬೇಡಿ. ಗಾಳಿ ಯಾವ ಕಡೆ ಬೀಸ್ತಿದೆ, ಯಾವ ದೇಶದ ಏರ್‌ಸ್ಪೇಸ್ ಮುಚ್ಚಿದೆ ಅನ್ನೋದು ಇದಕ್ಕೆ ಗೊತ್ತಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನಾನ್‌ಸ್ಟಾಪ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂತಲ್ಲ, ಪೈಲಟ್‌ಗಳೆಲ್ಲಾ ಹೆಣ್ಮಕ್ಕಳೇ ಇದ್ದಿದ್ದು, ಅದು ಉತ್ತರ ಧ್ರುವದ ಮೇಲೆ ಹಾದು ಬಂತು, ಧ್ರುವ ಮುಟ್ಟಿ ಬಂದ್ರೆ ದೂರ ಸುಮಾರು 14,400 ಆಗುತ್ತೆ. ಇನ್ನೂ ವಿಚಿತ್ರ ದೆಹಲಿದು. 2016ರಲ್ಲಿ ಅದೇ ಕಂಪನಿ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸ್ತು, ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಆದ್ರೂ ಹಿಂದಿನಿಂದ ಜೆಟ್ ಸ್ಟ್ರೀಮ್ ಅನ್ನೋ, ತುಂಬಾ ಎತ್ತರದಲ್ಲಿ ಜೋರಾಗಿ ಬೀಸೋ ಗಾಳಿ ತಳ್ಳಿದ್ದಕ್ಕೆ ಬೇಗ ಹೋಗಿ ಇಳೀತು! ಹಂಗಾಗಿ ಟೈಮಿಂಗ್ ಬೇಕಂದ್ರೆ ಏರ್‌ಲೈನ್ ಶೆಡ್ಯೂಲೇ ನೋಡಿ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ, ಅರ್ಧ ಕಟ್ ಮಾಡಿದ್ದು ಆ ಹಳೇ ಲುಕ್‌ಗೆ. ಊರಿನ ಹೆಸರು ಬಿಟ್ಟು ಮೂರಕ್ಷರದ ಕೋಡ್ ಹಾಕೋದು ಒಳ್ಳೇದು, ಅದೂ ನೋಡ್ಕೊಂಡು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಎಸ್‌ಜೆಸಿ, ಎಸ್‌ಜೆಓ ಅಂತ ಹಾಕಿದ್ರೆ ಸೀದಾ ಕೋಸ್ಟರಿಕಾಗೆ ಕರ್ಕೊಂಡು ಹೋಗುತ್ತೆ.