ಎರಡು ತಿಂಗಳ ವೆಬ್ ತರಗತಿ: ಮೊದಲ ತಿಂಗಳಿಗೆ ಧಾರಾಳವಾಗಿ ಹಣ ಕೊಡಬಹುದು

ಮದುವೆ ಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕುವುದು ನನ್ನ ಕಸುಬು. ದಾವಣಗೆರೆಯಲ್ಲಿ ಅಪ್ಪ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಪ್ರೆಸ್ಸು. ಈಗ ಗಿರಾಕಿಗಳು ವರನ ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಬೆಳಿಗ್ಗೆ ಕಳಿಸಿದರೆ ಮುಹೂರ್ತವನ್ನು ರಾತ್ರಿ ಕಳಿಸುತ್ತಾರೆ. ಎಲ್ಲವನ್ನೂ ಅವರೇ ಒಂದು ಕಡೆ ತುಂಬುವಂಥ ಅರ್ಜಿ ನಮೂನೆಯನ್ನು ವೆಬ್‌ನಲ್ಲಿ ಇಡಬೇಕೆಂದುಕೊಂಡು, ನಲವತ್ತೆಂಟನೇ ವಯಸ್ಸಿನಲ್ಲಿ ವೆಬ್ ಪುಟ ಬರೆಯುವ ಮಾರ್ಕಪ್ ಭಾಷೆ ಎಚ್‌ಟಿಎಂಎಲ್ ಮತ್ತು ನಮೂನೆಯಲ್ಲಿ ತುಂಬಿದ್ದನ್ನು ನಿಭಾಯಿಸುವ ಭಾಷೆ ಪಿಎಚ್‌ಪಿ ಕಲಿಸುವ ತರಗತಿಗೆ ಸೇರಿದೆ. ಎರಡು ತಿಂಗಳು, ಸಂಜೆ ಆರೂವರೆಯಿಂದ ಎಂಟು, ಶುಲ್ಕ 6,500 ರೂಪಾಯಿ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಕಲಿಸಿದ ಮೇಡಂ ಅವರ ಕೆಲಸಕ್ಕೆ ನನ್ನಿಂದ ಕುತ್ತು ಬರಬಾರದು.

ಅವರು ಒಳ್ಳೆಯ ಶಿಕ್ಷಕಿ. ಮೊದಲ ತಿಂಗಳು ಪೂರ್ತಿ ನೋಟ್‌ಪ್ಯಾಡ್ ಬಿಟ್ಟು ಬೇರೆ ಏನನ್ನೂ ಮುಟ್ಟಲು ಬಿಡಲಿಲ್ಲ. ಬ್ರೌಸರ್‌ಗೆ ಸೂಚನೆ ಕೊಡುವ ಪ್ರತಿ ಟ್ಯಾಗನ್ನೂ ಕೈಯಾರೆ ಬರೆಯಬೇಕು, ತೆರೆದದ್ದನ್ನು ಮುಚ್ಚಬೇಕು. ನಾನು ದಪ್ಪಕ್ಷರದ ಟ್ಯಾಗನ್ನು ಮುಚ್ಚಲು ಮರೆತು, ಅಲ್ಲಿಂದ ಕೆಳಗಿನ ಪುಟವೆಲ್ಲ ದಪ್ಪವಾಗಿ ಕೂತಾಗ, ಮಗಳ ವಯಸ್ಸಿನ ಸಹಪಾಠಿಯೊಬ್ಬಳು, 'ಅಂಕಲ್, ಬಾಗಿಲು ಹಾಕಿಕೊಳ್ಳಲಿಲ್ಲ' ಎಂದಳು.

'ಮಾರ್ಕಪ್ ಎಂದರೆ ಗುರುತು ಹಾಕುವುದು' ಎಂದು ಮೇಡಂ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರು. ನಾನು ಅಲ್ಲೇ ನಿಂತುಬಿಟ್ಟೆ. ಅಪ್ಪ ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಮಧ್ಯಕ್ಕೆ', '24 ಪಾಯಿಂಟ್ ದಪ್ಪ' ಎಂದು ಬರೆಯುತ್ತಿದ್ದರು. ಮೊಳೆ ಜೋಡಿಸುವವನು ಅದನ್ನು ಪಾಲಿಸುತ್ತಿದ್ದ, ಆದರೆ ಆ ಮಾತು ಅಚ್ಚಾಗುತ್ತಿರಲಿಲ್ಲ. ಟ್ಯಾಗ್ ಎಂದರೆ ಇಷ್ಟೇ! ಮನೆಗೆ ಬಂದು ಹುಡುಕಿದರೆ ವಂಶಾವಳಿಯೂ ಸಿಕ್ಕಿತು: 1969ರಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿದ ಜಿಎಂಎಲ್ ಎಂಬ ಮಾರ್ಕಪ್ ಭಾಷೆ, ಅದರಿಂದ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್, ಆ ಮನೆತನದ ಟ್ಯಾಗ್‌ಗಳನ್ನು ತೆಗೆದುಕೊಂಡು ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಎಚ್‌ಟಿಎಂಎಲ್.

ದೂರು ಇರುವುದು ತರಗತಿಯಲ್ಲಿ ಕೊಟ್ಟ ಮುದ್ರಿತ ಟಿಪ್ಪಣಿಯ ಮೇಲೆ. ಫಾಂಟ್ ಟ್ಯಾಗ್, ಸೆಂಟರ್ ಟ್ಯಾಗ್, ಅಕ್ಷರ ಓಡಿಸುವ ಮಾರ್ಕೀ, ಇವಕ್ಕೇ ಹನ್ನೊಂದು ಪುಟ. ಫಾಂಟ್ ಟ್ಯಾಗ್ ಬೇಡವೆಂದು 1997ರ ಎಚ್‌ಟಿಎಂಎಲ್ 4ರಲ್ಲೇ ಹೇಳಿಯಾಗಿದೆ. 'ಇದು ಶೀರ್ಷಿಕೆ' ಎಂದಷ್ಟೇ ಗುರುತು ಹಾಕಿ, ಅದು ಎಷ್ಟು ದಪ್ಪ, ಯಾವ ಬಣ್ಣ ಎಂಬುದನ್ನು ಪುಟದ ಅಲಂಕಾರಕ್ಕೆಂದೇ ಇರುವ ಸಿಎಸ್‌ಎಸ್ ಭಾಷೆಗೆ ಬಿಡುವುದು ಈಗಿನ ಕ್ರಮ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ 'ಶೀರ್ಷಿಕೆ' ಅರ್ಥವಾಗುತ್ತದೆ, '24 ಪಾಯಿಂಟ್' ಆಗುವುದಿಲ್ಲ. ಅಪ್ಪನ ಕೆಂಪು ಶಾಯಿಯೂ ಈ ಪರೀಕ್ಷೆಯಲ್ಲಿ ಅರ್ಧ ನಪಾಸು, ಇರಲಿ.

ಕನ್ನಡದ ಬಗ್ಗೆ ಟಿಪ್ಪಣಿಯಲ್ಲಿ ಒಂದು ಸಾಲೂ ಇಲ್ಲ. ಪ್ರೆಸ್ಸಿನ ಹಳೆಯ ಕಡತದಿಂದ ಒಂದು ಪತ್ರಿಕೆಯ ಒಕ್ಕಣೆಯನ್ನು ನಕಲಿಸಿ ಅಂಟಿಸಿದರೆ, ತಲೆಯ ಮೇಲೆ ಚುಕ್ಕಿ-ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ! ಡಿಟಿಪಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ಪುಟದ ತಲೆಯಲ್ಲಿ ಯುಟಿಎಫ್-8 (ಯೂನಿಕೋಡನ್ನು ಕಡತದಲ್ಲಿ ಬರೆದಿಡುವ ಕ್ರಮ) ಎಂದು ಘೋಷಿಸುವ ಮೆಟಾ ಸಾಲನ್ನು ಹಾಕಿದ ಮೇಲೆ ಸರಿಹೋಯಿತು. ಈ ಒಂದು ಸಾಲಿಗಾಗಿ ನನ್ನ ನಾಲ್ಕು ಸಂಜೆ ಹೋದವು.

ಎರಡನೇ ತಿಂಗಳು ಪಿಎಚ್‌ಪಿ. 'ಸರ್ವರ್‌ನಲ್ಲಿ', ಅಂದರೆ ಪುಟಗಳನ್ನು ಕಳಿಸಿಕೊಡುವ ಕಂಪ್ಯೂಟರ್‌ನಲ್ಲಿ, 'ಓಡುತ್ತದೆ' ಎಂದರೆ ಏನೆಂದು ಅರ್ಧ ತರಗತಿಗೆ ಕೊನೆಯವರೆಗೂ ತಿಳಿಯಲಿಲ್ಲ. ನನಗೆ ತಿಳಿದದ್ದು ನಂಬರಿಂಗ್ ಮಷಿನ್‌ನಿಂದ. ಬಿಲ್ ಪುಸ್ತಕದ ಗೆರೆ, ಅಂಗಡಿ ಹೆಸರು ಎಲ್ಲ ಹಾಳೆಗೂ ಒಂದೇ, ಅದು ಎಚ್‌ಟಿಎಂಎಲ್. ಹಾಳೆಗೊಂದು ಹೊಸ ಸಂಖ್ಯೆ ಒತ್ತುವ ಮಷಿನ್ ಪಿಎಚ್‌ಪಿ. ಗಿರಾಕಿಗೆ ಸಂಖ್ಯೆ ಸಿಗುತ್ತದೆ, ಮಷಿನ್ ಪ್ರೆಸ್ಸಿನಲ್ಲೇ ಉಳಿಯುತ್ತದೆ. ಅದಕ್ಕೇ ಬ್ರೌಸರ್‌ನಲ್ಲಿ ಪುಟದ ಮೂಲ ತೆರೆದರೂ ಪಿಎಚ್‌ಪಿ ಸಾಲುಗಳು ಕಾಣುವುದಿಲ್ಲ. ಅದಕ್ಕೇ ಕಡತದ ಮೇಲೆ ಎರಡು ಬಾರಿ ಒತ್ತಿ ತೆರೆದರೆ ಕೆಲಸವೂ ಆಗುವುದಿಲ್ಲ. ಸರ್ವರ್‌ನ ಫೋಲ್ಡರ್‌ನಲ್ಲಿಟ್ಟು ನಮ್ಮದೇ ಯಂತ್ರವನ್ನು ಸೂಚಿಸುವ ಲೋಕಲ್‌ಹೋಸ್ಟ್ ವಿಳಾಸದಿಂದ ಕರೆಯಬೇಕು.

ತರಗತಿಯಲ್ಲಿ ಸರಾಗವಾಗಿ ಓಡಿದ ಕೋಡ್ ಮನೆಯಲ್ಲಿ ಮೊದಲ ಸಾಲಿಗೇ ಮುಗ್ಗರಿಸಿತು. ಟಿಪ್ಪಣಿಯಲ್ಲಿದ್ದದ್ದು ಮಾಹಿತಿ ಕೂಡಿಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಜೊತೆ ಮಾತಾಡುವ ಹಳೆಯ ವಿಧಾನ, 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದು. ತರಗತಿಯ ಯಂತ್ರಗಳಲ್ಲಿ ಇನ್ನೂ 5ನೇ ಆವೃತ್ತಿ ಇತ್ತು, ನನ್ನಲ್ಲಿ 8. ಕೇಳಿದ್ದಕ್ಕೆ ಮೇಡಂ, 'ಸರ್, ನನಗೂ ಗೊತ್ತು, ಯಂತ್ರ ಬದಲಿಸುವುದು ನನ್ನ ಕೈಯಲ್ಲಿಲ್ಲ' ಎಂದರು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ನಮೂನೆಯಲ್ಲಿ ತುಂಬಿದ್ದನ್ನು ಹಾಗೆಹಾಗೇ ಡೇಟಾಬೇಸ್ ಆಜ್ಞೆಗೆ ಅಂಟಿಸುವುದನ್ನು ಟಿಪ್ಪಣಿ ಕಲಿಸುತ್ತದೆ. ಪರೀಕ್ಷಿಸಲು ನಾನು ಡಿ'ಸೋಜ ಎಂದು ಬರೆದೆ. ಹೆಸರಿನ ನಡುವಿನ ಆ ಒಂಟಿ ಉದ್ಧರಣ ಚಿಹ್ನೆಗೇ ಆಜ್ಞೆ ಮುರಿದು ಬಿತ್ತು. ಪಾಪದ ಹೆಸರಿಗೇ ಮುರಿಯುವುದನ್ನು ಕಿಡಿಗೇಡಿಗಳು ಬೇಕೆಂದೇ ಮುರಿದು ಒಳಗೆ ನುಗ್ಗಬಹುದು. ಪಿಎಚ್‌ಪಿಯ ಅಧಿಕೃತ ಕೈಪಿಡಿ ವೆಬ್‌ನಲ್ಲಿ ಉಚಿತವಾಗಿದೆ. ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ ಹೆಸರನ್ನು ಬೇರೆಯಾಗಿ ಕೊಡುವ, ಪಿಡಿಒ ಎಂಬ ಪಿಎಚ್‌ಪಿ ಸಲಕರಣೆಯ ಕ್ರಮವನ್ನು ಅಲ್ಲಿಂದಲೇ ಕಲಿತೆ.

ಇನ್ನೊಂದು ಮೋಜು. ಹೆಸರು ಮೂವತ್ತು ಅಕ್ಷರ ಮೀರಬಾರದೆಂದು ಕಟ್ಟು ಹಾಕಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ಒಳಗೆ ಹೋದ ಮಲ್ಲಿಕಾರ್ಜುನಸ್ವಾಮಿ, ಕನ್ನಡದಲ್ಲಿ ಬರೆದರೆ 'ತುಂಬಾ ಉದ್ದ' ಎಂದು ಬಾಗಿಲಲ್ಲೇ ನಿಂತ. ಕಣ್ಣಿಗೆ ಕಾಣುವುದು ಏಳು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ, ಒತ್ತು, ಗುಣಿತ ಬಿಡಿಸಿದರೆ, 18. ಪ್ರತಿಯೊಂದಕ್ಕೂ ಮೂರು ಬೈಟ್, ಹಾಗಾಗಿ ಬೈಟ್‌ಗಳನ್ನು ಎಣಿಸುವ ಪಿಎಚ್‌ಪಿಯ ಸ್ಟ್ರ್‌ಲೆನ್ ಕೊಟ್ಟ ಉತ್ತರ 54. ಬೈಟ್ ಬಿಟ್ಟು ಯೂನಿಕೋಡ್ ಲೆಕ್ಕ ಹಿಡಿಯುವ ಎಂಬಿ-ಸ್ಟ್ರ್‌ಲೆನ್ ಬಳಸಿದರೆ 18 ಬರುತ್ತದೆ, ಸ್ವಾಮಿ ಒಳಗೆ ಬರುತ್ತಾನೆ.

ನಮೂನೆ ಈಗ ಕೆಲಸ ಮಾಡುತ್ತಿದೆ, ಮೂರು ಮದುವೆಗಳ ಪತ್ರಿಕೆ ಅದರಿಂದಲೇ ಆಗಿವೆ. ಸೇರುವವರು ಮೊದಲ ತಿಂಗಳಿಗೆ ಮಾತ್ರ ಸೇರಿ. ಕೇಳಿದರೆ 3,500ಕ್ಕೆ ಅಷ್ಟನ್ನೇ ಕೊಡುತ್ತಾರೆ. ಪಿಎಚ್‌ಪಿಗೆ ಆ ಕೈಪಿಡಿ ಸಾಕು. ಬಾಗಿಲ ಪಕ್ಕದ ಎರಡು ಯಂತ್ರಗಳಲ್ಲಿ ಮಾತ್ರ ಕೂರಬೇಡಿ. ಅಲ್ಲಿ ಅಲ್ಪವಿರಾಮದ ಕೀಲಿ ಒತ್ತಿದರೆ ಮೇಲೇಳುವುದಿಲ್ಲ, ಮತ್ತು ಟ್ಯಾಗ್ ತೆರೆಯುವ ಚಿಹ್ನೆ ಇರುವುದು ಆ ಕೀಲಿಯಲ್ಲೇ.