ಹತ್ತು ಸಾವಿರದೊಳಗಿನ ಅಕೌಸ್ಟಿಕ್ ಗಿಟಾರ್, ಮೂರು ವರ್ಷ ನುಡಿಸಿದ ಮೇಲೆ

ಒಂಬತ್ತು ಸಾವಿರ ರೂಪಾಯಿ ಕೊಟ್ಟು ತಂದ ಗಿಟಾರನ್ನು ಅಂಗಡಿಯವರು ನುಡಿಸಲಾಗದ ಸ್ಥಿತಿಯಲ್ಲೇ ಕೈಗಿತ್ತರು. ಜೊತೆಗೆ ಒಂದು ಚೀಲ, ಒಂದು ಬೆಲ್ಟ್, ನಾಲ್ಕಾರು ಪಿಕ್, ಒಂದು ಕ್ಯಾಪೊ ಉಚಿತವಾಗಿ ಬಂದವು. ಇವೆಲ್ಲದರ ಬದಲು ಅರ್ಧ ಗಂಟೆ ಕುಳಿತು ತಂತಿಗಳ ಎತ್ತರ ಸರಿಮಾಡಿ ಕೊಟ್ಟಿದ್ದರೆ ಸಾಕಿತ್ತು. ಹಾಗೆ ಮಾಡುವ ಪದ್ಧತಿ ಇದೆಯೆಂದು ಯಾರೂ ಹೇಳಲೂ ಇಲ್ಲ. ಮೂರು ವರ್ಷ ದಾಟಿದ ಮೇಲೂ ಈ ಸಿಟ್ಟು ನನ್ನಲ್ಲಿ ಉಳಿದಿದೆ. ಏಕೆಂದರೆ ಮೈಸೂರಿನಲ್ಲಿ ನನಗೆ ಗೊತ್ತಿರುವ ಎಷ್ಟೋ ಮನೆಗಳ ಬೀರುವಿನ ಮೇಲೆ ಒಂದೊಂದು ಗಿಟಾರ್ ದೂಳು ಹಿಡಿದು ಮಲಗಿದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ಬೆರಳು ನೋಯುತ್ತಿತ್ತು, ಬಿಟ್ಟುಬಿಟ್ಟೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯಲ್ಲಿ ಸಿಗುವ ಬಹುತೇಕ ಗಿಟಾರ್‌ಗಳ ಮೈಕಟ್ಟು ಒಂದೇ: ಪ್ಲೈವುಡ್ ಹಲಗೆ, ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಆಕಾರ, ಉಕ್ಕಿನ ತಂತಿ. ಉಳಿದ ವಿವರಗಳು ಡಬ್ಬದ ಮೇಲೆಯೇ ಇರುತ್ತವೆ.

ನಾನು ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ, ಮನೆ ಸರಸ್ವತಿಪುರಂನಲ್ಲಿದೆ. ಸಂಜೆಯ ರೈಲು ಹಿಡಿದು ಮನೆ ಸೇರಿ, ಊಟ ಮುಗಿಸಿದ ಮೇಲೆ ಸಿಗುವ ಮುಕ್ಕಾಲು ಗಂಟೆಯೇ ನನ್ನ ಅಭ್ಯಾಸದ ಹೊತ್ತು. ಆ ಮುಕ್ಕಾಲು ಗಂಟೆಯಲ್ಲಿ ಮೊದಲ ತಿಂಗಳು ನನಗೆ ದಕ್ಕಿದ್ದು ನೋವು ಮಾತ್ರ. ಪಾಠ ಹೇಳುವವರು ‘ಚರ್ಮ ಗಟ್ಟಿಯಾಗುವವರೆಗೆ ಸಹಿಸಿಕೊಳ್ಳಿ’ ಎಂದರು. ಅದರಲ್ಲಿ ಅರ್ಧ ಸತ್ಯವಿದೆ. ಬೆರಳ ತುದಿಯ ಉರಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಹೆಬ್ಬೆರಳಿನ ಬುಡ, ಮಣಿಕಟ್ಟು ನೋಯುತ್ತಿದ್ದರೆ, ಫ್ರೆಟ್ಟಿನ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಗೆರೆಯ, ಪಕ್ಕದಲ್ಲೇ ಒತ್ತಿದರೂ ಸ್ವರ ಬುಸುಗುಟ್ಟುತ್ತಿದ್ದರೆ, ಒಮ್ಮೆ ವಾದ್ಯವನ್ನೂ ನೋಡಬೇಕು.

ನನ್ನ ಗಿಟಾರಿನ ದೋಷ ಹಿಡಿದವರು ನಮ್ಮ ಅತ್ತೆ. ಅವರು ಚಿಕ್ಕಂದಿನಿಂದ ವೀಣೆ ನುಡಿಸಿದವರು, ಗಿಟಾರನ್ನು ಅಲ್ಲಿಯವರೆಗೆ ಕೈಯಲ್ಲಿ ಹಿಡಿದವರೇ ಅಲ್ಲ. ಒಂದು ರಾತ್ರಿ ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿಕೊಂಡು, ಕನ್ನಡಕ ಏರಿಸಿ, ತಂತಿಗಳ ಅಡಿಯಿಂದ ದೀಪದ ಕಡೆಗೆ ನೋಡಿದರು. “ಇದರ ಕುದುರೆ ಎತ್ತರವಾಯಿತಮ್ಮ. ಇಷ್ಟು ಮೇಲಿದ್ದರೆ ಯಾರ ಬೆರಳು ತಾನೇ ಉಳಿಯುತ್ತದೆ? ನಮ್ಮ ವೀಣೆಯವರಿಗೆ ತೋರಿಸು” ಎಂದರು. ಕುದುರೆಯೆಂದರೆ ಹಲಗೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವ ಬ್ರಿಡ್ಜ್.

ಅಗ್ರಹಾರದ ಕಡೆ ಇರುವ ಆ ವೀಣೆಯವರು ವೀಣೆಯ ಮೇಣ ಕಟ್ಟುವುದರ ಜೊತೆಗೆ ಪಿಟೀಲು, ಗಿಟಾರ್‌ಗಳನ್ನೂ ದುರಸ್ತಿ ಮಾಡುತ್ತಾರೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಚಿಕ್ಕ ಸ್ಟೀಲ್ ಸ್ಕೇಲ್ ನಿಲ್ಲಿಸಿ ನನಗೇ ಓದಲು ಹೇಳಿದರು. ಆರನೇ ತಂತಿ, ಅಂದರೆ ದಪ್ಪನೆಯದು, ಫ್ರೆಟ್ಟಿನಿಂದ ಸುಮಾರು ಮೂರೂವರೆ ಮಿಲಿಮೀಟರ್ ಮೇಲಿತ್ತು. ಕಲಿಯುವವರಿಗೆ ಅಲ್ಲಿ ಎರಡೂವರೆ, ತೆಳುವಾದ ಒಂದನೇ ತಂತಿಗೆ ಎರಡರ ಆಸುಪಾಸು ಇದ್ದರೆ ಹಿತ. “ಮರ ಚೆನ್ನಾಗಿಯೇ ಇದೆ ಮೇಡಂ. ತಂತಿ ಮೇಲಿದೆ, ಅಷ್ಟೇ” ಎಂದರು. ಒಂದು ಮಿಲಿಮೀಟರ್ ಅಂತರದ ಮಾತು. ಕಾಗದದ ಮೇಲೆ ಏನೂ ಅಲ್ಲ, ಬೆರಳಿಗೆ ಎಲ್ಲವೂ ಅದೇ.

ಅವರು ಮೊದಲು ಕುತ್ತಿಗೆಯೊಳಗಿನ ಟ್ರಸ್ ರಾಡನ್ನು ಅಲೆನ್ ಕೀಲಿಯಿಂದ ಕಾಲು ಸುತ್ತು ತಿರುಗಿಸಿದರು. ತಂತಿಗಳ ಎಳೆತಕ್ಕೆ ಕುತ್ತಿಗೆ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ, ಈ ಕಂಬಿ ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಆಮೇಲೆ ತಂತಿ ಸಡಿಲಿಸಿ ಕುದುರೆಯ ಮೇಲಿನ ಬಿಳಿಯ ಸ್ಯಾಡಲ್ ಪಟ್ಟಿಯನ್ನು ಕಿತ್ತು, ಅದರ ತಳದಿಂದ ಒಂದೂವರೆ ಮಿಲಿಮೀಟರ್ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಪಟ್ಟಿಯನ್ನು ನೆಟ್ಟಗೆ ಹಿಡಿದು, ಒಂದೇ ದಿಕ್ಕಿಗೆ ಉಜ್ಜತೊಡಗಿದರು. ನಾಲ್ಕು ಸಲ ಉಜ್ಜುವುದು, ಸ್ಕೇಲಿನ ಅಂಚಿಗೆ ಹಿಡಿದು ಬೆಳಕು ತೂರುತ್ತದೆಯೇ ನೋಡುವುದು, ಮತ್ತೆ ಉಜ್ಜುವುದು. ತಳ ಸೊಟ್ಟಗಾದರೆ ನಾದ ಹಲಗೆಗೆ ಸರಿಯಾಗಿ ಇಳಿಯುವುದಿಲ್ಲವಂತೆ. ಸ್ಯಾಡಲ್ಲಿನಲ್ಲಿ ಎಷ್ಟು ತೆಗೆದರೂ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಇಳಿಯುವುದು ಅದರ ಅರ್ಧದಷ್ಟೇ, ಆ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ. ಈ ಲೆಕ್ಕ ತಿಳಿಯದೆ ಮನೆಯಲ್ಲೇ ಉಜ್ಜಲು ಕೂರಬೇಡಿ. ತೆಗೆದದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ.

ಕೊನೆಗೆ ನಟ್, ಅಂದರೆ ಬಿರಡೆಗಳ ಕಡೆ ತಂತಿ ಕೂರುವ ಗೀರುಗಳ ಪಟ್ಟಿ. ಅದು ಎತ್ತರವಿದ್ದರೆ ಎಫ್ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಯಾವ ಕಾಲಕ್ಕೂ ಬರುವುದಿಲ್ಲ, ಒಂದನೇ ಫ್ರೆಟ್ಟಿನಲ್ಲಿ ಒತ್ತಿದಾಗಲೆಲ್ಲ ಸ್ವರವೂ ಏರುತ್ತದೆ. ಪರೀಕ್ಷೆ ಸುಲಭ. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿಹಿಡಿದು ಒಂದನೇ ಫ್ರೆಟ್ಟಿನ ಮೇಲೆ ಇಣುಕಿ ನೋಡಿ. ತೆಳುಕಾಗದ ನುಸುಳುವಷ್ಟು ಸಂದು ಇದ್ದರೆ ಸರಿ, ರಟ್ಟು ಹಿಡಿಸುವಷ್ಟಿದ್ದರೆ ಗೀರುಗಳನ್ನು ಅರದಿಂದ ಇಳಿಸಬೇಕು. ಅಂಗಡಿಯಲ್ಲೇ ಇದನ್ನೂ ಹನ್ನೆರಡನೇ ಫ್ರೆಟ್ಟಿನ ಅಳತೆಯನ್ನೂ ಮಾಡಿ ನೋಡಿ. ಸ್ಕೇಲ್ ತೆಗೆದರೆ ಮುಖ ಗಂಟುಹಾಕುವ ಅಂಗಡಿಯಿಂದ ಸುಮ್ಮನೆ ಎದ್ದು ಬನ್ನಿ.

ಇಷ್ಟಕ್ಕೆ ಅವರು ಪಡೆದದ್ದು 700 ರೂಪಾಯಿ. ಅದರ ಜೊತೆಗೆ ಮೊದಲಿದ್ದ, ಒಂದನೇ ತಂತಿ 0.012 ಇಂಚು ದಪ್ಪವಿದ್ದ ಸೆಟ್ಟಿನ ಜಾಗದಲ್ಲಿ 0.010ರ ತೆಳುವಾದ ಸೆಟ್ ಹಾಕಿಸಿಕೊಂಡೆ. ನಾದದ ತೂಕ ಸ್ವಲ್ಪ ತಗ್ಗಿತು, ನಿಜ. ಕೈ ಪಳಗಿದ ಮೇಲೆ ದಪ್ಪ ತಂತಿಗೆ ಮರಳಬಹುದು. ಆ ವಾರದಲ್ಲೇ ಇ ಮೈನರ್, ಎ ಮೈನರ್, ಸಿ, ಜಿ, ಡಿ ಒಂದೊಂದಾಗಿ ಕೈಗೆ ಕೂತವು. ಎಫ್ ಬರಲು ತಿಂಗಳುಗಳೇ ಬೇಕಾದವು, ಅದಕ್ಕೆ ಅಷ್ಟು ಸಮಯ ಕೊಡುವುದು ನ್ಯಾಯವೇ.

ಇಲ್ಲಿಂದ ಮುಂದೆ ಈ ವಾದ್ಯದ ಬಗ್ಗೆ ನನಗೆ ಪ್ರೀತಿಯಲ್ಲದೆ ಬೇರೇನೂ ಇಲ್ಲ.

ರಾತ್ರಿ ಪಾತ್ರೆ ತೊಳೆದ ಕೈ ಪೂರ್ತಿ ಒಣಗುವವರೆಗೆ ಗಿಟಾರ್ ಮುಟ್ಟುವುದಿಲ್ಲ. ನೆನೆದ ಚರ್ಮದಲ್ಲಿ ತಂತಿ ಬೇಗ ಇಳಿಯುತ್ತದೆ. ಹಳೆಯ ಪಂಚೆಯ ತುಂಡಿನಿಂದ ಒಂದೊಂದೇ ತಂತಿಯನ್ನು ಮೇಲಿನಿಂದ ಕೆಳಗೆ, ಅಡಿಯಿಂದಲೂ ಒರೆಸುತ್ತೇನೆ. ಬೆವರು ಉಳಿದರೆ ತಂತಿ ಬೇಗ ಕಪ್ಪಾಗುತ್ತದೆ. ಆಮೇಲೆ ಶ್ರುತಿ. ಟ್ಯೂನರ್ ಇದ್ದರೂ ಆರನೆಯದನ್ನು ಮಾತ್ರ ಅದರಿಂದ ಸರಿಮಾಡಿ, ಉಳಿದವನ್ನು ಕಿವಿಯಿಂದ ಕೂಡಿಸುತ್ತೇನೆ: ಐದನೇ ಫ್ರೆಟ್ಟಿನಲ್ಲಿ ಒತ್ತಿದರೆ ಕೆಳಗಿನ ತಂತಿಯ ಸ್ವರ, ಮೂರನೇ ತಂತಿಯಲ್ಲಿ ಮಾತ್ರ ನಾಲ್ಕನೇ ಫ್ರೆಟ್. ಎರಡು ಸ್ವರಗಳು ಹತ್ತಿರ ಬಂದಂತೆ ಅವುಗಳ ನಡುವಿನ ತೊನೆತ ನಿಧಾನವಾಗಿ, ಒಂದು ಕ್ಷಣದಲ್ಲಿ ನಿಂತೇಬಿಡುತ್ತದೆ. ಆ ನಿಲುಗಡೆ ಕೇಳಲೆಂದೇ ಕೆಲವು ರಾತ್ರಿ ಸರಿಯಿರುವ ತಂತಿಯನ್ನೂ ಇಳಿಸಿ ಮತ್ತೆ ಏರಿಸಿದ್ದುಂಟು. ಕಲಿಯುವವರು ಟ್ಯೂನರಿನ ಹಸಿರು ದೀಪವೊಂದನ್ನೇ ನಂಬಬಾರದು. ಕಾರ್ಡುಗಳಿಗಿಂತ ಮೊದಲು ತಯಾರಾಗಬೇಕಾದದ್ದು ಕಿವಿ.

ಯಾರೂ ನಿರೀಕ್ಷಿಸದ ಸುಖವೊಂದು ಅತ್ತೆಯ ಕಡೆಯಿಂದಲೇ ಬಂತು. ಅವರು ಹಾಡುವ ಶ್ರುತಿ ಐದು ಮನೆ, ಅಂದರೆ ಜಿ. ಗಿಟಾರಿನ ಮೂರನೇ ತಂತಿ ಬಿಡಿಯಾಗಿ ಮೀಟಿದರೆ ಅದೇ ಜಿ, ಅವರ ಷಡ್ಜ. ನಾಲ್ಕನೆಯದು ಡಿ, ಮಂದ್ರ ಪಂಚಮ. ಎರಡನೆಯದು ಬಿ, ಅಂತರ ಗಾಂಧಾರ. ನಡುವಿನ ಮೂರು ತಂತಿಗಳನ್ನು ಏನೂ ಒತ್ತದೆ ಮೆಲ್ಲಗೆ ಮೀಟುತ್ತಾ ಹೋದರೆ ಮೋಹನ ರಾಗಕ್ಕೆ ಆಧಾರ ಸಿದ್ಧವಾಗಿಯೇ ಇದೆ. ನಾನು ಸುಮ್ಮನೆ ಮೀಟುತ್ತಿದ್ದಾಗ ಅವರು ಅಡುಗೆಮನೆಯಿಂದಲೇ ಆಲಾಪನೆ ಎತ್ತಿಕೊಂಡರು. ಸ್ವಲ್ಪ ಹೊತ್ತಿಗೆ ನಿಲ್ಲಿಸಿ, “ಗಾಂಧಾರ ಒಂದೆಳೆ ಏರಿದೆ, ಇಳಿಸು” ಎಂದರು. ಟ್ಯೂನರಿನಲ್ಲಿ ಬಿ ಸರಿಯಾಗಿಯೇ ತೋರುತ್ತಿತ್ತು! ಆದರೆ ಹೇಳಿದ್ದು ಅವರೇ ಸರಿ. ಗಿಟಾರಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಆ ಹಂಚಿಕೆಯಲ್ಲಿ ಗಾಂಧಾರ ಷಡ್ಜದೊಂದಿಗೆ ಸಹಜವಾಗಿ ಕೂಡುವ ಜಾಗಕ್ಕಿಂತ ಅರ್ಧ ಸ್ವರದ ಸುಮಾರು ಏಳನೇ ಒಂದು ಭಾಗ ಮೇಲಿರುತ್ತದೆ. ಎರಡನೇ ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಕೋಣೆಯ ಗಾಳಿಯೇ ತಿಳಿಯಾದಂತಾಯಿತು. ಈಗ ಭಾನುವಾರ ಬೆಳಿಗ್ಗೆ ಕಾಫಿಯಾದ ಮೇಲೆ ಇದು ನಮ್ಮಿಬ್ಬರ ಹೊತ್ತು. ಕಾರ್ಡ್ ನುಡಿಸುವ ಮುನ್ನ ಆ ತಂತಿಯನ್ನು ಮತ್ತೆ ಏರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಸಿ ಕಾರ್ಡ್ ಸಪ್ಪೆಯಾಗುತ್ತದೆ.

ಅತ್ತೆಯ ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುವುದರಿಂದ ಮೇಣ ಕಾಯಿಸಿ ಒಂದೊಂದನ್ನೂ ಸರಿಸಿ ಕೂರಿಸಬಹುದು. ಗಿಟಾರಿನ ಫ್ರೆಟ್ಟುಗಳು ಮರಕ್ಕೆ ಬಡಿದವು, ಅಲುಗುವುದಿಲ್ಲ. ಅತ್ತೆಗೆ ಇದು ಕೊರತೆ. ನನಗೆ ನೆಮ್ಮದಿ, ಕೆಲಸಕ್ಕೆ ಹೋಗುವವಳಿಗೆ ಮೇಣ ನೋಡಿಕೊಳ್ಳುವಷ್ಟು ಪುರುಸೊತ್ತಿಲ್ಲ.

ಫ್ರೆಟ್ಟುಗಳ ಅಡಿಯ ಮರ ನನ್ನದರಲ್ಲಿ ಬೀಟೆ, ನಮ್ಮ ಮೈಸೂರಿನ ಕುಸುರಿ ಕೆತ್ತನೆಯ ಪೆಟ್ಟಿಗೆಗಳ ಮರವೇ. 2017ರಲ್ಲಿ ಬೀಟೆಯ ಜಾತಿಯ ಮರಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಾಗ ಹಲವು ತಯಾರಕರು ಬೇರೆ ಮರಗಳಿಗೆ ಹೋದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಒಂದೇ ಮಾದರಿಯಲ್ಲಿ ಬೇರೆ ಬೇರೆ ಮರ ಕಂಡರೆ ಗಾಬರಿ ಬೇಡ. ಕಲಿಯುವವರ ಕೈಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ತೇವ ಕುಡಿದು ಹಲಗೆ ಉಬ್ಬುತ್ತದೆ, ತಂತಿಯೂ ಅದರೊಂದಿಗೆ ಏರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಮರ ಒಣಗಿ ಫ್ರೆಟ್ಟುಗಳ ತುದಿ ಅಂಗೈಗೆ ತಾಗುತ್ತದೆ. ಪ್ಲೈವುಡ್ ಆದ್ದರಿಂದ ಹಲಗೆಯ ಉಬ್ಬು ಅಷ್ಟಾಗಿ ಕಾಡಿಲ್ಲ. ಇಡೀ ಮರದ ಹಲಗೆಯ ದುಬಾರಿ ಗಿಟಾರ್ ಇನ್ನೂ ಹೆಚ್ಚು ಆರೈಕೆ ಕೇಳುತ್ತದೆ, ಅದಕ್ಕೇ ಮೊದಲ ವಾದ್ಯಕ್ಕೆ ಪ್ಲೈವುಡ್ ಸಾಕೆನ್ನುತ್ತೇನೆ. ಮಳೆಗಾಲದಲ್ಲಿ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬಿಡಲೇಬೇಡಿ, ಅಂಟು ಸಡಿಲವಾದರೆ ಕುದುರೆಯೇ ಎದ್ದುಬರುತ್ತದೆ. ಉಚಿತವಾಗಿ ಬಂದ ಚೀಲದ ಜಿಪ್ ಮೊದಲ ವರ್ಷವೇ ಹೋಯಿತು.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಕೊಳ್ಳಲೇ ಎಂದು ಸಹೋದ್ಯೋಗಿಯೊಬ್ಬರು ಕೇಳುತ್ತಿದ್ದರು. ಬೆರಳಿಗೆ ಅದು ಮೆದು, ಆದರೆ ಕುತ್ತಿಗೆ ಅಗಲ, ಚಿಕ್ಕ ಕೈಗೆ ಸಿ ಕಾರ್ಡ್ ಕೂಡ ದೂರವಾಗುತ್ತದೆ. ಅದಕ್ಕೆ ಉಕ್ಕಿನ ತಂತಿ ಹಾಕುವುದಂತೂ ಕೂಡದು, ಆ ಎಳೆತವನ್ನು ಅದರ ಕುದುರೆ ತಡೆಯುವುದಿಲ್ಲ. ಮಕ್ಕಳಿಗೆ ಮುಕ್ಕಾಲು ಅಳತೆಯದನ್ನು ಕೊಡಿಸಿ. ಡ್ರೆಡ್‌ನಾಟ್ ಅಪ್ಪಿಕೊಂಡರೆ ಅವರ ಬಲ ಭುಜ ಕಿವಿಯವರೆಗೆ ಏರುತ್ತದೆ.

ಹತ್ತು ಸಾವಿರ ಕೈಯಲ್ಲಿದ್ದರೆ ಎಂಟರ ಗಿಟಾರ್ ಸಾಕು. ಉಳಿದದ್ದರಲ್ಲಿ ತಂತಿಯ ಎತ್ತರ ಸರಿಮಾಡಿಸಿ, ತೆಳುವಾದ ತಂತಿ ಹಾಕಿಸಿ, ಒಂದು ಟ್ಯೂನರ್ ತನ್ನಿ. ನನ್ನದರಲ್ಲಿ ಈಗ ಒಂದನೇ, ಎರಡನೇ ಫ್ರೆಟ್ಟುಗಳ ಮೇಲೆ ತಂತಿ ತೇಯ್ದ ಗುಳಿ ಕಾಣತೊಡಗಿದೆ. ಇನ್ನೂ ಕೆಲವು ವರ್ಷ ಬಾಳುತ್ತದೆ ಎಂದು ವೀಣೆಯವರು ಹೇಳಿದ್ದಾರೆ. ಅಲ್ಲಿಯವರೆಗೆ ಹೊಸತನ್ನು ಕೊಳ್ಳುವ ಯೋಚನೆ ನನಗಿಲ್ಲ.