ಕಮ್ಮಿ ಬೆಲೆಯ ಲೆನ್ಸ್ ತಗೊಳ್ಳಿ ಅಂದ ಅಂಗಡಿ: 14 ತಿಂಗಳ ಬಳಕೆ

ಕೆಂಗೇರಿಯಿಂದ ಪೀಣ್ಯಕ್ಕೆ ದಿನಾ ಬೈಕಲ್ಲೇ ಓಡಾಟ. ನಾಯಂಡಹಳ್ಳಿಯಲ್ಲಿ ರಿಂಗ್ ರೋಡ್ ಹಿಡಿದು ಸುಮನಹಳ್ಳಿ ಫ್ಲೈಓವರ್ ಹತ್ತಿರ ಬರೋಷ್ಟರಲ್ಲಿ ಲಾರಿ ಧೂಳಿಗೆ ಕಣ್ಣು ಕೆಂಡವಾಗಿರ್ತಿತ್ತು. ಹೆಲ್ಮೆಟ್ ಮುಂದಿನ ಗಾಜು, ಅಂದ್ರೆ ವೈಸರ್, ಪೂರ್ತಿ ಇಳಿಸಿದ್ರೆ ಸಿಗ್ನಲ್‌ನಲ್ಲಿ ಉಸಿರಿಗೇ ಮಂಜು ಕಟ್ಟುತ್ತೆ. ಪವರ್ ಬೇರೆ ಇದೆ, ಮೈನಸ್ ಎರಡು.

ಆನ್‌ಲೈನ್‌ನಲ್ಲಿ ಹುಡುಕಿ, ಸುತ್ತ ಫೋಮ್ ಇರೋ ರೈಡಿಂಗ್ ಗ್ಲಾಸ್ ಆರ್ಡರ್ ಮಾಡಿದೆ. ಬಿಸಿಲಿಗೆ ತಾನೇ ಕಪ್ಪಾಗೋ ಫೋಟೋಕ್ರೋಮಿಕ್ ಲೆನ್ಸ್, ಪವರ್ ಸೇರಿಸಿ. ಮಾರನೇ ದಿನ ಅಂಗಡಿಯಿಂದಲೇ ಫೋನ್. 'ಹೆಲ್ಮೆಟ್ ಫುಲ್ ಫೇಸಾ ಸರ್? ವೈಸರ್ ಇಳಿಸಿಯೇ ಓಡಿಸ್ತೀರಾ?' ಹೂಂ, ಹೆಚ್ಚುಕಮ್ಮಿ ಇಳಿಸೇ ಇರುತ್ತೆ ಅಂದೆ. ಆ ಲೆನ್ಸ್ ಕಪ್ಪಾಗೋದು ಯುವಿ ಕಿರಣಕ್ಕೆ, ಅದನ್ನ ವೈಸರೇ ಬಹುಪಾಲು ತಡೆಯುತ್ತೆ, ನಿಮಗೆ ದುಡ್ಡು ದಂಡ, ಸಾದಾ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಲೆನ್ಸ್ ತಗೊಳ್ಳಿ ಅಂತ ಆ ಹೆಣ್ಣುಮಗಳು ನಿಧಾನವಾಗಿ ಬಿಡಿಸಿ ಹೇಳಿದ್ರು. ಉಳಿದ ದುಡ್ಡು ಎರಡೇ ದಿನಕ್ಕೆ ವಾಪಸ್ ಬಂತು. ನನ್ನ ಕಣ್ಣಿನ ಪವರ್ ಚೀಟಿಯಲ್ಲಿ ಪಿಡಿ, ಅಂದ್ರೆ ಎರಡು ಪಾಪೆಗಳ ನಡುವಿನ ಅಂತರ, ಬರೆದಿರಲಿಲ್ಲ. ಅಂದಾಜಲ್ಲಿ ಮಾಡಿಕೊಡಲ್ಲ, ಅಳತೆ ತೆಗೆಸಿ ಕಳಿಸಿ ಅಂತ ಪಟ್ಟು ಹಿಡಿದ್ರು. ಒಳ್ಳೇದೇ ಆಯ್ತು. ಮೊದಲ ದಿನದಿಂದ ಒಂದು ಸಲವೂ ತಲೆನೋವು ಬಂದಿಲ್ಲ.

ಕಡ್ಡಿ ತೆಳ್ಳಗಿದೆ, ಹೆಲ್ಮೆಟ್ ಒಳಗೆ ಕಿವಿ ಮೇಲೆ ಒತ್ತಲ್ಲ. ಧೂಳು ನಿಂತೇ ಹೋಯ್ತು. ಜೋರು ಮಳೇಲಿ ಗಾಡಿ ನಿಲ್ಲಿಸಿದ್ರೆ ಮಾತ್ರ ಈಗಲೂ ಒಳಗೆ ಮಂಜು ಕೂರುತ್ತೆ, ಹೊರಟ ಮೇಲೆ ಹೋಗುತ್ತೆ.

ಹನ್ನೊಂದನೇ ತಿಂಗಳಲ್ಲಿ ಎಡಗಡೆ, ಮೂಗಿನ ಪಕ್ಕ ಫೋಮ್ ಉಗುರಿನಷ್ಟು ಎದ್ದಿತು. ಫೋಟೋ ಕಳಿಸಿದೆ. ಕೊರಿಯರ್‌ನಲ್ಲಿ ಹೊಸ ಫೋಮ್ ಬಂತು, ಅಳತೆ ತಪ್ಪಿತ್ತು. ಹೇಳಿದ ತಕ್ಷಣ ಸರಿಯಾದದ್ದು ಕಳಿಸಿದ್ರು, ತಪ್ಪಿದ್ದನ್ನ ವಾಪಸ್ ಕೇಳಲಿಲ್ಲ, ಒಂದು ರೂಪಾಯಿ ತಗೊಳ್ಳಲಿಲ್ಲ. ಟ್ಯಾಂಕ್ ಮೇಲೆ ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತೆ ಅಂತ ಒಂದು ಚೀಟಿ ಬೇರೆ.

ಪಾಲಿಕಾರ್ಬೊನೇಟ್ ಕಲ್ಲೇಟಿಗೆ ಸುಲಭಕ್ಕೆ ಒಡೆಯಲ್ಲ, ಗೀರು ಮಾತ್ರ ಬೇಗ ಬೀಳುತ್ತೆ. ದಯವಿಟ್ಟು ಒಣ ಧೂಳನ್ನ ಶರಟಲ್ಲಿ ಒರೆಸಬೇಡಿ, ಮೊದಲು ನೀರು ಬಿಡಿ. ನಾನು ಒರೆಸಿಬಿಟ್ಟೆ, ಬಲಗಡೆ ಲೆನ್ಸ್ ನಡುವೆಯೇ ಗೀರು. ನಿನ್ನೆ ಕೇಳಿದ್ದಕ್ಕೆ, ಜೋಡಿ ಯಾಕೆ ತಗೋತೀರಿ, ಒಂದೇ ಹಾಕಿಕೊಡ್ತೀವಿ ಅಂದ್ರು. ಸೋಮವಾರ ಕಳಿಸ್ತಿದ್ದೀನಿ.